ದೇವರನ್ನು ಕೇಳದೆ ಕೊಟ್ಟ ಉತ್ತರ

ದೇವರು ಹೇಳದ ಮಾತನ್ನು ದೇವರು ಹೇಳಿದನೆಂದು ನನ್ನ ತಂಗಿಗೆ ಹೇಳಿದೆ. ಅವಳು ನಂಬಿದಳು. ಆ ನಂಬಿಕೆಯ ಮೇಲೆ ತನ್ನ ಬದುಕನ್ನೇ ಕಟ್ಟಿಕೊಂಡಳು.

ನಾನು ವರದಿಗಾರ. ಮೂಲ ಖಚಿತವಾಗದೆ ಒಂದು ಸಾಲನ್ನೂ ಪತ್ರಿಕೆಗೆ ಕಳಿಸಿದವನಲ್ಲ. ಮನೆಯಲ್ಲಿ ಮಾತ್ರ —

ಅಪ್ಪ ತೀರಿಕೊಂಡಿದ್ದ. ಅವ್ವನಿಗೆ ಲಕ್ವ ಹೊಡೆದಿತ್ತು. ಸತ್ಯನಾರಾಯಣಪೇಟೆಯ ಮನೆಯಲ್ಲಿ ನಾನೂ ನನ್ನ ಹೆಂಡತಿಯೂ ಇದ್ದೆವು; ಆದರೆ ಅವ್ವನನ್ನು ಎತ್ತಿ ಕೂರಿಸುವುದು, ತೊಳೆಯುವುದು, ಉಣಿಸುವುದು ಎಲ್ಲ ತಂಗಿ ಸುಗುಣಳದೇ. ಆಗ ಸಿರುಗುಪ್ಪದಿಂದ ಯೋಹಾನನ ಸಂಬಂಧ ಬಂತು. ಅಕ್ಕಿ ಗಿರಣಿಯಲ್ಲಿ ಮೆಕ್ಯಾನಿಕ್, ಅಲ್ಲಿನ ಚರ್ಚಿನ ಸಭೆಯ ಹಾಡುಗಳಿಗೆ ತಬಲಾ ಬಾರಿಸುವವನು.

"ತಬಲಾ ಹಾಡಿಗಿಂತ ಮುಂದ ಓಡ್ತೈತಿ, ಆದ್ರ ಮನಶ್ಯಾ ಒಳ್ಳೇವ, ಅಣ್ಣಾ," ಎಂದು ಸುಗುಣ ನಕ್ಕಿದ್ದಳು. "ನಿನ್ನಂಗ ಎಲ್ಲಾದಕ್ಕೂ ಮೂಲ ಯಾವ್ದು ಅಂತ ಕೇಳಂಗಿಲ್ಲ."

ನಮ್ಮ ಸಭೆಯಲ್ಲಿ ಒಂದು ರೂಢಿ ಇದೆ. ಸಂಬಂಧ ಒಪ್ಪುವ ಮುಂಚೆ ಮನೆಯ ಹಿರಿಯ ಒಂದು ದಿನ ಉಪವಾಸವಿದ್ದು ಪ್ರಾರ್ಥಿಸಬೇಕು. ಮನಸ್ಸಿಗೆ ಸಮಾಧಾನ ಸಿಕ್ಕರೆ ಅದು ದೇವರ ಒಪ್ಪಿಗೆ. ಸಿಗದಿದ್ದರೆ ಸಂಬಂಧ ಅಲ್ಲಿಗೇ ಮುಗಿಯಿತು. ಯಾರೂ ವಾದಿಸುವುದಿಲ್ಲ — ದೇವರೊಂದಿಗೆ ಎಂಥ ವಾದ?

"ನನ್ನ ಇಷ್ಟ ಏನು ಅಂತ ನಿನಗ ಗೊತ್ತೈತಿ," ಎಂದಳು ಸುಗುಣ. "ಆದ್ರೂ ಆತನ ಚಿತ್ತ ಏನೈತೋ ಅದ ಆಗ್ಲಿ. ನೀ ಕೇಳಿ ಹೇಳಣ್ಣಾ."

ಉಪವಾಸದ ದಿನ ನಾನು ವರದಿಗೆಂದು ಕುರುಗೋಡಿಗೆ ಹೋದೆ. ಅಲ್ಲಿ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದೆ. ಮೊಣಕಾಲೂರಲಿಲ್ಲ. ಒಂದು ಮಾತೂ ಪ್ರಾರ್ಥಿಸಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಯೋಚಿಸಿದ್ದು ಒಂದೇ: ಇವಳು ಹೋದರೆ ಅವ್ವನನ್ನು ಎತ್ತುವವರು ಯಾರು? ನಾನು? ಆ ಪ್ರಶ್ನೆ ಅಲ್ಲಿಗೇ ನಿಂತಿತು. ಕೆಲಸದ ಒತ್ತಡ ಇತ್ತು — ಇಲ್ಲ, ಅದು ನೆಪ. ಪ್ರಾರ್ಥಿಸಲು ಮನಸ್ಸಿರಲಿಲ್ಲ.

ಮನೆಗೆ ಬಂದಾಗ ಸುಗುಣ ಅವ್ವನಿಗೆ ಗಂಜಿ ಆರಿಸುತ್ತಿದ್ದಳು. ನನ್ನ ಮುಖ ನೋಡಿದಳು.

"ನನಗ ಸಮಾಧಾನ ಸಿಗಲಿಲ್ಲ ಸುಗುಣಾ," ಎಂದೆ.

ಚಮಚ ಒಂದು ಕ್ಷಣ ನಿಂತಿತು, ಮತ್ತೆ ತಿರುಗಿತು. "ಆತನ ಚಿತ್ತ," ಎಂದಳು. ಗಂಜಿ ತೆಗೆದುಕೊಂಡು ಒಳಗೆ ಹೋದಳು.

ಯೋಹಾನ ಒಮ್ಮೆ ಬಂದ. ಹೊಸ್ತಿಲು ದಾಟಲಿಲ್ಲ. "ದೇವ್ರ ಬ್ಯಾಡ ಅಂದ ಮ್ಯಾಲ ನಾ ಏನ್ ಮಾತಾಡ್ಲಿರಿ, ಅಣ್ಣಾರ?" ಎಂದು ಕೈಮುಗಿದು ಹೋದ. ಆಮೇಲೆ ಬೇರೆ ಕಡೆ ಮದುವೆಯಾದ. ಅವ್ವ ಇನ್ನೂ ಬಹಳ ವರ್ಷ ಬದುಕಿ, ಸುಗುಣಳ ತೊಡೆಯ ಮೇಲೆ ಕಣ್ಣುಮುಚ್ಚಿದಳು. ಅಷ್ಟು ಹೊತ್ತಿಗೆ ಸುಗುಣಳನ್ನು ಕೇಳಿಕೊಂಡು ಸಂಬಂಧ ಬರುವುದು ನಿಂತುಹೋಗಿತ್ತು.

ಈಗ ಅವಳು ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳುತ್ತಾಳೆ. ನನಗೊಂದು ಇಷ್ಟವಿತ್ತು, ಅದನ್ನು ದೇವರ ಪಾದದಲ್ಲಿಟ್ಟೆ, ಆತ ನನ್ನನ್ನು ಕೈಬಿಡಲಿಲ್ಲ ಎನ್ನುತ್ತಾಳೆ. ಹೆಣ್ಣುಮಕ್ಕಳು ಕಣ್ಣೊರೆಸಿಕೊಳ್ಳುತ್ತಾರೆ. ನಾನು ತಲೆ ತಗ್ಗಿಸಿ ಕೂರುತ್ತೇನೆ. ನೋಡಿದವರು ಅದನ್ನು ಭಕ್ತಿ ಎಂದುಕೊಳ್ಳುತ್ತಾರೆ.

ಈಚೆಗೆ ಮೋಕಾ ಊರಿನಿಂದ ಕೃಪಾ ಎಂಬ ಹುಡುಗಿ ಬಂದಳು. ತಂದೆಯಿಲ್ಲದವಳು, ಒಂದು ಸಂಬಂಧ ಬಂದಿತ್ತು. "ಸುಗುಣಕ್ಕಾರು ಕಳಿಸ್ಯಾರ್ರಿ ಅಂಕಲ್. 'ನಮ್ಮಣ್ಣ ಕೇಳಿದ್ರ ದೇವರು ಖರೇ ಹೇಳ್ತಾನ' ಅಂದ್ರು."

ಈ ಸಲ ನಿಜಕ್ಕೂ ಉಪವಾಸವಿದ್ದೆ. ಮೊಣಕಾಲೂರಿದೆ. 'ನಿನ್ನ ಚಿತ್ತದಂತೆ' ಎಂಬ ಮಾತು ಬಾಯಿಗೆ ಬರಲಿಲ್ಲ — ಆತನ ಚಿತ್ತ ಏನೆಂದು ತಿಳಿಯದೆ ಅಲ್ಲ, ತಿಳಿದಿದ್ದರಿಂದ. ಸುಗುಣಳಿಗೆ ನಿಜ ಹೇಳಬೇಕಿತ್ತು. ಹೇಳಿದರೆ ಅವಳು ಹಿಡಿದುಕೊಂಡಿರುವ ಒಂದೇ ಆಸರೆ ಮುರಿಯುತ್ತದೆ. ಅವಳ ನೆಮ್ಮದಿಗಾಗಿ ಸುಮ್ಮನಿರುತ್ತೇನೆ ಎಂದುಕೊಂಡರೆ — ಅದೂ ನನ್ನ ಇಷ್ಟವೇ, ಈ ಸಲ ಅವಳ ಹೆಸರಿನಲ್ಲಿ.

ಕೃಪಾಳಿಗೆ ಹೇಳಿದೆ: "ನನ್ನ ಮಾತಿಗೆ ಕಾಯಬ್ಯಾಡವ್ವಾ. ನೀನ ಕೇಳು ದೇವರನ್ನ."

ಭಾನುವಾರ ಆರಾಧನೆ ಮುಗಿಸಿ ಬಂದು ಸುಗುಣ ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತಿದ್ದಳು.

"ಕೃಪಾನ ಸಲುವಾಗಿ ಪ್ರಾರ್ಥನಿ ಮಾಡಿದ್ಯೇನಣ್ಣಾ?"

"ಮಾಡಿದೆ. ನಿನ್ನ ಸಲುವಾಗಿ ಅವತ್ತು ಮಾಡಿರಲಿಲ್ಲವ್ವಾ."

ಕುರುಗೋಡು, ಒಗ್ಗರಣೆ, ಮಿರ್ಚಿ, ಬಸ್ಸು — ಏನನ್ನೂ ಬಿಡದೆ ಹೇಳಿದೆ. ಕ್ಷಮೆ ಕೇಳಲಿಲ್ಲ, ಕೇಳಿದ್ದರೆ ಅವಳು ಆಗಲೇ ಕೊಟ್ಟುಬಿಡುತ್ತಿದ್ದಳು. ಅವಳು ಅಳಲಿಲ್ಲ. ಸೊಪ್ಪಿನ ಕಡ್ಡಿಗಳು ಮಡಿಲಲ್ಲಿ ಹಾಗೇ ಇದ್ದವು. ಮಗುವಿನಂತೆ ಕೇಳಿದಳು:

"ಹಂಗಾದ್ರ ನಾ ಯಾರಿಗೆ ಒಪ್ಪಿಸ್ಕೊಂಡೆ, ಅಣ್ಣಾ?"

ಉತ್ತರ ಅವಳಿಗೂ ಗೊತ್ತಿತ್ತು. ಆದರೆ ಅದು ನನ್ನ ಬಾಯಿಂದಲೇ ಬರಬೇಕಿತ್ತು.

"ನನಗ," ಎಂದೆ.