ಕಡ ತಂದ ಆಸೆ

ಮೊನ್ನೆ ಸಂಜೆ ಶೇಂಗಾ ಸುಲಿಯುತ್ತ ಕೂತಿದ್ದೆ. ಮೊಮ್ಮಗಳು ಬಂದು ಫೋನನ್ನು ನನ್ನ ಮುಖದ ಹತ್ತಿರ ಹಿಡಿದು, "ಅಜ್ಜಿ, ನಿನಗೆ ಏನು ಮಾಡೋದು ಇಷ್ಟ? ನಿನ್ನ ದೊಡ್ಡ ಆಸೆ ಏನು? ಬೇಗ ಹೇಳು, ಸ್ಕೂಲಲ್ಲಿ ತೋರಿಸ್ಬೇಕು" ಎಂದಳು. ನಾನು ಸೆರಗು ಸರಿಮಾಡಿಕೊಂಡೆ, ಗಂಟಲೂ ಸರಿಮಾಡಿಕೊಂಡೆ. ಮತ್ತೆ ಶೇಂಗಾ ಸುಲಿಯತೊಡಗಿದೆ. ನೀವೇ ಹೇಳಿ, ಸಾರಿಗೆ ಉಪ್ಪೆಷ್ಟು ಎಂದರೆ ಥಟ್ಟನೆ ಹೇಳಬಹುದು. ನಿನಗೇನು ಇಷ್ಟ ಎಂದರೆ ಹುಡುಕಲು ಎಲ್ಲಿಗೆ ಹೋಗಬೇಕು?

ಈ ಪ್ರಶ್ನೆಯನ್ನು ನನಗೆ ಮೊದಲು ಕೇಳಿದವಳು ಖೈರುನಕ್ಕ. ಎಪ್ಪತ್ತರ ದಶಕದ ಕೊನೆಯ ಮಾತು. ಕೂಡ್ಲಿಗಿಯಲ್ಲಿ ನಮ್ಮದು ಬಾಡಿಗೆ ಮನೆ, ಅಪ್ಪ ಕಚೇರಿಯೊಂದರಲ್ಲಿ ಗುಮಾಸ್ತರು. ಗೋಡೆಯಾಚೆ ಖೈರುನಕ್ಕನ ಮನೆ. ಅವಳ ಗಂಡ ಹುಸೇನಣ್ಣ ಹೆದ್ದಾರಿ ಬದಿಯ ಶೆಡ್ಡಿನಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದ. ಸಕ್ಕರೆ, ಚಹಾಪುಡಿ, ಒಲೆಯ ಕೆಂಡ ಎಲ್ಲವೂ ಎರಡು ಮನೆಗಳ ನಡುವೆ ಕಡವಾಗಿ ಓಡಾಡುತ್ತಿದ್ದವು.

ನಮ್ಮ ಕಡೆ ಪ್ರಶ್ನೆಗಳಿಗೇನೂ ಬರವಿರಲಿಲ್ಲ. ಬಸ್ಸಿಳಿದ ಹೊಸಬನಿಗೆ ಚೀಲ ಕೆಳಗಿಡುವ ಮೊದಲೇ ಯಾವೂರು, ಯಾರ ಪೈಕಿ, ಪಗಾರ ಎಷ್ಟು ಎಂದೆಲ್ಲ ಕೇಳಿ ಮುಗಿಸುತ್ತಿದ್ದರು. ಖೈರುನಕ್ಕನ ಪ್ರಶ್ನೆಗಳ ಜಾತಿಯೇ ಬೇರೆ. ಒಮ್ಮೆ ಅಂಚೆಯವನನ್ನು ನಿಲ್ಲಿಸಿ, "ದಿನಾ ಊರೆಲ್ಲ ಸುತ್ತತೀರಲ್ರಿ, ನಿಮಗ ಯಾವ ಓಣಿ ಭಾಳ ಸೇರತೈತಿ?" ಎಂದು ಕೇಳಿದಳು. ಅವನು ಬಿಸಿಲಲ್ಲಿ ನಿಂತೇ ಯೋಚಿಸಿದ. "ಕಡೀ ಓಣಿ ನೋಡಮ್ಮ. ಅಲ್ಲಿಗಿ ಬರೂದ್ರಾಗ ಚೀಲ ಹಗುರ ಆಗಿರತೈತಿ" ಎಂದು ಹೇಳಿ, ತನ್ನ ಉತ್ತರಕ್ಕೆ ತಾನೇ ಖುಷಿಪಟ್ಟುಕೊಂಡು ಹೋದ.

ನನ್ನನ್ನು ನೋಡಲು ಹಗರಿಬೊಮ್ಮನಹಳ್ಳಿಯಿಂದ ಗಂಡಿನವರು ಬರುತ್ತಾರೆಂದು ಗೊತ್ತಾಯಿತು. ಹುಡುಗ ಅಲ್ಲಿ ಶಾಲಾ ಮಾಸ್ತರ. ಅಡುಗೆ ಬರುತ್ತದೆ, ಹೊಲಿಗೆ ಬರುತ್ತದೆ, ದೇವರ ಹಾಡು ಬರುತ್ತದೆ ಎಂದು ಅಮ್ಮ ನನಗೆ ಉತ್ತರಗಳನ್ನು ಬಾಯಿಪಾಠ ಮಾಡಿಸಿದ್ದಳು. ಹಿಂದಿನ ದಿನ ಖೈರುನಕ್ಕ ನನ್ನ ತಲೆ ಬಾಚಲು ಬಂದಳು.

"ಅವ್ರು ಕೇಳೋದು ಇರ್ಲಿ. ಖರೇ ಹೇಳು, ನಿನಗೇನು ಬೇಕು?"

"ನನಗೇನೂ ಬ್ಯಾಡಕ್ಕ."

"ಬ್ಯಾಡ ಅನ್ನೋದು ಹೊಟ್ಟಿ ತುಂಬಿದವರ ಮಾತು. ನೀ ಇನ್ನಾ ಎಲಿ ಮುಂದ ಕುಂತೇ ಇಲ್ಲಲ್ಲ, ತಂಗಿ."

ನನಗೆ ರೇಗಿತು. "ಹಂಗಾರ ನಿನಗೇನು ಬೇಕು, ನೀ ಹೇಳು" ಎಂದೆ.

ಬಾಚಣಿಗೆ ನನ್ನ ಕೂದಲಲ್ಲೇ ನಿಂತಿತು. ಊರವರನ್ನೆಲ್ಲ ಕೇಳುತ್ತಿದ್ದವಳನ್ನು ತಿರುಗಿ ಯಾರೂ ಕೇಳಿರಲಿಲ್ಲವೆಂದು ಆಗ ಹೊಳೆಯಿತು.

"ಗಾಡಿ ನಡಸಬೇಕು" ಎಂದಳು ಸಣ್ಣ ದನಿಯಲ್ಲಿ. "ಯಾವ ಗಾಡಿ ಆದ್ರೂ ಸೈ. ಮದಿವಿ ಆದಾಗಿಂದ ನೋಡ್ತೀನಿ, ಕೆಟ್ಟ ಗಾಡಿ ಬರ್ತಾವ, ರಿಪೇರಿ ಆಗಿ ಹೊಂಟು ಹೋಗ್ತಾವ. ನಾ ಇಲ್ಲೇ ಇರ್ತೀನಿ."

"ಹುಸೇನಣ್ಣಗ ಹೇಳಿಲ್ಲೇನು?"

"ಅವ್ರು ಕೇಳಿಲ್ಲ."

ಮರುದಿನ ಹುಡುಗ ತನ್ನ ದೊಡ್ಡಮ್ಮನ ಜೊತೆ ಬಂದ. ದೊಡ್ಡಮ್ಮ ಕೇಳಿದ್ದಕ್ಕೆಲ್ಲ ನಾನು ತಪ್ಪಿಲ್ಲದೆ ಪಾಠ ಒಪ್ಪಿಸಿದೆ. ಕೊನೆಗೆ ಹುಡುಗ ಒಗ್ಗರಣೆ ಮಂಡಕ್ಕಿಯ ತಟ್ಟೆಯನ್ನೇ ನೋಡುತ್ತ, "ನಿಮಗ ಏನರ ಆಸಿ ಅಂತ ಐತೇನ್ರಿ?" ಎಂದು ಕೇಳಿಬಿಟ್ಟ. ಇದು ಅಮ್ಮನ ಪಾಠದಲ್ಲಿರಲಿಲ್ಲ. ನನ್ನ ತಲೆಯೊಳಗೆ ಆಗ ಇದ್ದದ್ದು ಒಂದೇ ಆಸೆ. ಅದೂ ಪಕ್ಕದ ಮನೆಯದು.

"ಗಾಡಿ ನಡಸಬೇಕು ಅಂತ ಐತ್ರಿ" ಎಂದೆ.

"ಎತ್ತಿನ ಗಾಡಿನಾ?" ಎಂದರು ದೊಡ್ಡಮ್ಮ. ಒಳಗೆ ಅಮ್ಮನ ಕೈಯಿಂದ ಲೋಟ ಜಾರಿದ ಸದ್ದು. ಹುಡುಗ ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದ. ಅವರು ಹೋದ ಮೇಲೆ ನಾನು ತಿಂದ ಬೈಗುಳವನ್ನು ಇಲ್ಲಿ ಬರೆಯುವುದು ಬೇಡ. ಆದರೆ ಕೆಲವೇ ದಿನಗಳಲ್ಲಿ ಒಪ್ಪಿಗೆಯೆಂದು ಹೇಳಿ ಕಳಿಸಿದರು. ಏಕೆ ಒಪ್ಪಿದರೆಂಬುದು ನಮ್ಮ ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ.

ಆ ಆಸೆ ಕಡ ತಂದದ್ದೆಂದು ಮದುವೆಯಾದ ವಾರದಲ್ಲೇ ಗಂಡನಿಗೆ ಹೇಳಿದೆ. "ಯಾರದಾದ್ರೇನು, ಈಗ ನಿನ್ನ ಹತ್ರ ಐತಲ್ಲ" ಎಂದು ನಕ್ಕರು. ಒಂದೆರಡು ವರ್ಷಕ್ಕೆ ಹಳೆಯ ಮೊಪೆಡ್ ಒಂದನ್ನು ತಂದರು. ಸಂಜೆ ಶಾಲೆಯ ಬಯಲಿನಲ್ಲಿ ನಾನು ತುಳಿಯುವುದು, ಅವರು ಹಿಂದಿನಿಂದ ಸೀಟು ಹಿಡಿದು ಓಡುವುದು. ಸೀರೆ ಚೈನಿಗೆ ಸಿಕ್ಕಿತು, ಜಾಲಿಗಿಡದ ಮೇಲೆ ಬಿದ್ದದ್ದೂ ಆಯಿತು. ಒಂದು ದಿನ ತಿರುಗಿ ನೋಡಿದರೆ ಅವರು ಎಲ್ಲೋ ದೂರದಲ್ಲಿ ಕೈಕಟ್ಟಿ ನಿಂತಿದ್ದರು. ಗಾಡಿ ನನ್ನೊಬ್ಬಳನ್ನೇ ಹೊತ್ತು ಹೋಗುತ್ತಿತ್ತು. ಖೈರುನಕ್ಕನ ಆಸೆ ಯಾವಾಗ ನನ್ನದಾಯಿತೋ ತಿಳಿಯಲಿಲ್ಲ. ಮುಂದೆ ಎಲ್ಲಿಗೆ ಹೊರಟರೂ ನಾನು ಮುಂದೆ, ಅವರು ಹಿಂದೆ. "ಮಾಸ್ತರು ಹೆಂಡ್ತಿ ಹಿಂದ ಕುಂತು ಹೊಂಟಾರ ನೋಡ್ರಪಾ" ಎಂದು ಅಂಗಡಿಕಟ್ಟೆಯವರು ನಗುತ್ತಿದ್ದರು. ನನಗೋಸ್ಕರ ಇಷ್ಟು ಸಹಿಸುತ್ತಾರಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ಧೈರ್ಯ ಬಂದ ಮೇಲೆ ಒಂದು ಭಾನುವಾರ ಕೂಡ್ಲಿಗಿಗೆ ಹೊರಟೆವು. ಕೊಟ್ಟೂರಿನಲ್ಲಿ ಚಹಾ ಕುಡಿದು, ಬಿಸಿಲೇರುವ ಹೊತ್ತಿಗೆ ಖೈರುನಕ್ಕನ ಬಾಗಿಲಿಗೆ ಗಾಡಿ ನಿಲ್ಲಿಸಿ ನಡೆದದ್ದನ್ನೆಲ್ಲ ಹೇಳಿದೆ. ಅವಳು ಹ್ಯಾಂಡಲ್ ಸವರುತ್ತ ಕೇಳಿದಳು.

"ನನ್ನ ಆಸಿ ಒಯ್ದು ಸಂಸಾರ ಹೂಡಿದ್ಯೇನು? ಸಕ್ರಿ ಆಗಿದ್ರ ಯಾವತ್ತೋ ವಾಪಸ್ ಕೇಳತಿದ್ದೆ."

"ಕೊಡಾಕ ಬಂದೀನಿ. ಹತ್ತು" ಎಂದೆ.

ಶೆಡ್ಡಿನ ಹಿಂದಿನ ಬಯಲಿಗೆ ಹೋದೆವು. ಹುಸೇನಣ್ಣ ಬೇಡವೆನ್ನುತ್ತಾನೆಂದು ನಾನು ಕಾದೆ. ಅವನು ಕೈ ಒರೆಸಿಕೊಂಡು ಬಂದು, ಚಕ್ರ ಒತ್ತಿ ನೋಡಿ, ಗಾಳಿ ಹಾಕಿದ. "ಇದು ಹಿಡದ್ರ ನಿಲ್ಲತೈತಿ" ಎಂದು ಬ್ರೇಕ್ ತೋರಿಸಿದ, ಅಷ್ಟೆ. ಖೈರುನಕ್ಕ ತೂರಾಡುತ್ತ ಒಂದು ಸುತ್ತು ಹಾಕಿದಳು. ಇನ್ನೊಂದು ಸುತ್ತಿಗೆ ಗಾಡಿ ನೆಟ್ಟಗಾಯಿತು. ಮೂರನೆಯದಕ್ಕೆ ತಿರುಗಲೇ ಇಲ್ಲ. ಬೇಲಿಯ ಸಂದಿಯಿಂದ ಹೊರಬಿದ್ದು ಕೊಟ್ಟೂರು ರಸ್ತೆ ಹಿಡಿದಳು.

ನನ್ನ ಗಂಡ ಕೂಗುತ್ತ ಸ್ವಲ್ಪ ದೂರ ಓಡಿ, ಏದುಸಿರು ಬಿಡುತ್ತ ಮರಳಿದರು. ಲಾರಿಯ ಹಾರ್ನ್ ಕೇಳಿದಾಗಲೆಲ್ಲ ಹುಸೇನಣ್ಣನ ಕತ್ತು ಅತ್ತ ತಿರುಗುತ್ತಿತ್ತು. ಕೊನೆಗೆ ಪುಟಪುಟ ಸದ್ದು ಕೇಳಿತು. ಅವಳು ಬಂದಳು, ಸೆರಗು ಹೆಗಲಿಗೆ ಜಾರಿ, ಕೂದಲೆಲ್ಲ ಕೆಂಧೂಳಾಗಿ. ಬ್ರೇಕ್ ಮರೆತು ಎರಡೂ ಕಾಲು ನೆಲಕ್ಕೆ ಎಳೆಯುತ್ತ ನಿಲ್ಲಿಸಿದಳು.

ಬೈಗುಳ ಬರುತ್ತದೆಂದುಕೊಂಡೆ. ಹುಸೇನಣ್ಣ ಹತ್ತಿರ ಹೋಗಿ, "ಹೆಂಗಿತ್ತು?" ಎಂದು ಕೇಳಿದ.

ಅವಳು ಇನ್ನೂ ಹ್ಯಾಂಡಲ್ ಬಿಟ್ಟಿರಲಿಲ್ಲ. "ಗಾಳಿ ಬಾಯಾಗ ಬರತೈತ್ರಿ" ಎಂದಳು ಕೊನೆಗೆ. ಅವನು ಇನ್ನೂ ಏನೋ ಕೇಳುವವನಂತೆ ಅಲ್ಲೇ ನಿಂತ. ಅವಳ ಕಣ್ಣು ತುಂಬಿತ್ತು. ಧೂಳಿಗೆ ಎಂದು ನಾವೆಲ್ಲ ಅಂದುಕೊಂಡೆವು. ಆಮೇಲಿನ ವರ್ಷಗಳಲ್ಲಿ ಶೆಡ್ಡಿಗೆ ಬಂದ ಸಣ್ಣ ಗಾಡಿಗಳನ್ನು ರಿಪೇರಿಯಾದ ಮೇಲೆ ಓಡಿಸಿ ನೋಡುವುದು ಅವಳ ಕೆಲಸವಾಯಿತು.

ಇದಿಷ್ಟನ್ನೂ ಮೊಮ್ಮಗಳಿಗೆ ಹೇಳಿದೆ. "ಅಜ್ಜಿ, ಎರಡು ನಿಮಿಷದಲ್ಲಿ ಮುಗಿಬೇಕಿತ್ತು" ಎಂದು ಗೊಣಗಿದರೂ ಕೊನೆಯವರೆಗೆ ಕೇಳಿ ಎದ್ದು ಹೋದಳು. ಕಿಟಕಿ ಹತ್ತಿರದ ಕುರ್ಚಿಯಲ್ಲಿ ಗಂಡ ಪೇಪರು ಹಿಡಿದು ಕೂತಿದ್ದರು. ಪುಟ ತಿರುಗಿದ ಸದ್ದು ಬಹಳ ಹೊತ್ತಿನಿಂದ ಕೇಳಿರಲಿಲ್ಲ.

"ರೀ, ಅವತ್ತು ನೀವು ನನಗ ಕೇಳಿದ್ರಿ. ನಾ ನಿಮಗ ಇವತ್ತಿನತನ ಕೇಳೇ ಇಲ್ಲ. ನಿಮಗೇನು ಆಸಿ ಇತ್ತು?"

"ಹಿಂದ ಕುಂದ್ರೋದು" ಎಂದರು, ತಡಮಾಡದೆ.

ನಾನು ನಕ್ಕೆ. ಅವರು ನಗಲಿಲ್ಲ. "ನನಗ ಗಾಡಿ ಅಂದ್ರ ಅಂಜಿಕಿ. ಸೈಕಲ್ ಸುದ್ದಾ ತಳ್ಳಿಕೋತ ಸಾಲಿಗಿ ಹೋಗ್ತಿದ್ದೆ. ನೀ ಗಾಡಿ ನಡಸಬೇಕು ಅಂದಿ. ಈಕಿ ಆದ್ರ ಛಲೋ ಅನಿಸ್ತು. ಹಿಂದ ಕುಂತ್ರ ಎರಡೂ ಕಡಿ ನೋಡಬಹುದು."

ಇಷ್ಟು ವರ್ಷ ಆ ರಸ್ತೆಗಳಲ್ಲೆಲ್ಲ ನಾನು ನೋಡಿದ್ದು ಕುಳಿ ಮತ್ತು ಕುರಿಮಂದೆ ಮಾತ್ರ.

"ಏನು ನೋಡ್ತಿದ್ರಿ?"

"ತಂಬ್ರಹಳ್ಳಿ ದಾರ್ಯಾಗ ಒಂದು ಹಕ್ಕಿ ಇತ್ತು. ಗಾಡಿ ಸದ್ದು ಕೇಳಿದ್ರ ಸಾಕು, ನಮ್ಮ ಜೋಡಿನ ಹಾರಿ ಬರ್ತಿತ್ತು."

"ಎಂಥಾ ಹಕ್ಕಿ?" ಎಂದೆ. ಅವರು ಪೇಪರು ಮಡಚಿಟ್ಟರು. ನಾನು ನನ್ನ ಕುರ್ಚಿಯನ್ನು ಅವರ ಹತ್ತಿರಕ್ಕೆಳೆದುಕೊಂಡೆ.