ವಾಜಿದಾ ಪರೀಕ್ಷಿಸದ ನಲ್ಲಿ

ಶಿವಾಜಿನಗರದ ವಾಜಿದಾ ಮನುಷ್ಯರನ್ನು ನಂಬಿದರೂ ನೀರನ್ನು ನಂಬುವವಳಲ್ಲ. ಇಪ್ಪತ್ತೆರಡು ವರ್ಷಗಳಿಂದ ಸ್ಕೂಟರಿನ ಮುಂದೆ ದೊಡ್ಡ ಪ್ಲಾಸ್ಟಿಕ್ ಟಬ್ ಇಟ್ಟುಕೊಂಡು, ರಿಚರ್ಡ್ಸ್ ಟೌನಿನಿಂದ ಮಾರತ್ತಹಳ್ಳಿಯವರೆಗೆ ಮನೆಮನೆಯ ಮೀನಿನ ತೊಟ್ಟಿ ನೋಡಿಕೊಳ್ಳುವುದೇ ಅವಳ ಕಸುಬು. ಬಣ್ಣದ ಮೀನು ಮಾರುತ್ತಿದ್ದ ಅವಳ ತಂದೆ ಅಹ್ಮದ್ ಪಾಷಾ ಸಾಯುವಾಗ ಅಂಗಡಿಯನ್ನೇನೂ ಬಿಟ್ಟುಹೋಗಲಿಲ್ಲ, ಒಂದು ಕಟ್ಟುಪಾಡು ಬಿಟ್ಟುಹೋದ. ತೊಟ್ಟಿಗೆ ಹೊಸ ನೀರು ಬಿಡುವ ಮುಂಚೆ ಪಿಎಚ್ ಎರಡು ಸಲ ನೋಡಬೇಕು: ಒಮ್ಮೆ ತೊಟ್ಟಿಯದ್ದು, ಒಮ್ಮೆ ನಲ್ಲಿಯದ್ದು. ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಮೂರು ಹನಿ ಔಷಧಿ ಬಿಡುವುದು. ಹಳದಿ ಬಂದರೆ ನೀರು ಹುಳಿ, ಹಸಿರು ಬಂದರೆ ಸಮ, ನೀಲಿ ಬಂದರೆ ಕ್ಷಾರ. ಇದೇನೂ ಬ್ರಹ್ಮವಿದ್ಯೆಯಲ್ಲ.

ಆ ಶನಿವಾರ ಬೆಳಿಗ್ಗೆ ಇಂದಿರಾನಗರದ ಯಶೋದಮ್ಮನ ಫ್ಲಾಟಿನಲ್ಲಿ ಅವಳು ಒಂದೇ ಸಲ ನೋಡಿದಳು.

ಯಶೋದಮ್ಮನ ತೊಟ್ಟಿಯಲ್ಲಿ ಇದ್ದದ್ದು ಒಂದೇ ಮೀನು, ಒಂದು ಗೇಣಿಗಿಂತ ಉದ್ದದ ಆಸ್ಕರ್ ಜಾತಿಯದು. ಕಪ್ಪು ಮೈಯ ಮೇಲೆ ಕೇಸರಿ ಪಟ್ಟೆ, ದುಂಡು ಮೂತಿ, ಹೆಸರು ಬೋಂಡ. ಒಂಬತ್ತು ವರ್ಷದ ಹಳೆಯ ಜೀವ. ಯಶೋದಮ್ಮ ಬೆಳಿಗ್ಗೆ ಎದ್ದು ಅದಕ್ಕೆ ಕೈಯಾರೆ ತಿನ್ನಿಸಿದ ಮೇಲೆಯೇ ಕಾಫಿ ಕುಡಿಯುವುದು. ಮಗ ಮುರಳಿಗೂ ಸೊಸೆ ನಂದಿತಾಗೂ ಸಿಗದ ಮುದ್ದೆಲ್ಲ ಆ ಮೀನಿಗೆ ಸಿಗುತ್ತಿತ್ತು. ಮೀನೂ ಅವರ ಸೆರಗು ಕಂಡರೆ ಗಾಜಿಗೆ ಮೂತಿ ಒತ್ತಿ ಬಾಲ ಬಡಿಯುತ್ತಿತ್ತು.

ಸ್ಕೂಟರಿನಿಂದ ಬಿದ್ದು ಕೈ ಉಳುಕಿಸಿಕೊಂಡು ಆರು ವಾರ ವಾಜಿದಾ ಬಂದಿರಲಿಲ್ಲ. ಆ ಆರು ವಾರದಲ್ಲಿ ಯಶೋದಮ್ಮ ಪ್ರೀತಿಯಿಂದ ಹಾಕಿದ ಚಪಾತಿ ಚೂರುಗಳು ತಳದಲ್ಲಿ ಕೊಳೆತಿದ್ದವು. ತೊಟ್ಟಿಯ ನೀರಿಗೆ ಔಷಧಿ ಬಿಟ್ಟರೆ ಅಪ್ಪಟ ಅರಿಶಿನದ ಬಣ್ಣ. ಇಷ್ಟು ಹುಳಿ ಒಳ್ಳೆಯದಲ್ಲ ಎಂದುಕೊಂಡು ಅವಳು ಅರ್ಧ ನೀರನ್ನು ಆರು ಬಕೆಟ್ ತುಂಬ ತೆಗೆದಳು. ಗಿಡಕ್ಕೆ ಒಳ್ಳೆಯದೆಂದು ಯಶೋದಮ್ಮ ಬಕೆಟ್ಟುಗಳನ್ನು ಬಾಲ್ಕನಿಗೆ ಸಾಗಿಸಿದರು. ಅಡುಗೆಮನೆಯಲ್ಲಿ ಎರಡು ನಲ್ಲಿ, ಒಂದು ಬೋರ್‌ವೆಲ್ಲಿನದು, ಒಂದು ಕಾವೇರಿಯದು. ಒಂಬತ್ತು ವರ್ಷ ಆ ಕಾವೇರಿ ನಲ್ಲಿ ಅವಳಿಗೆ ಹಸಿರನ್ನೇ ತೋರಿಸಿತ್ತು. ದೊಡ್ಡನೆಕ್ಕುಂದಿಯಲ್ಲಿ ಇನ್ನೊಂದು ಮನೆ ಬಾಕಿ ಇತ್ತು. ಅವಳು ಕಾವೇರಿ ನಲ್ಲಿಗೆ ಪೈಪು ಸಿಕ್ಕಿಸಿ ನೀರು ಬಿಟ್ಟೇಬಿಟ್ಟಳು.

ಸಾಮಾನು ಕಟ್ಟಿಕೊಳ್ಳುವಷ್ಟರಲ್ಲಿ ಬೋಂಡ ಮೇಲಕ್ಕೆ ಬಂದು ಬಾಯಿ ತೆರೆಯತೊಡಗಿತು. ಕಿವಿರು ಪಟಪಟ ಹೊಡೆದುಕೊಂಡವು. ಒಮ್ಮೆ ಗಾಜಿಗೆ ಬಡಿಯಿತು, ಆಮೇಲೆ ಮಗ್ಗುಲಾಗಿ ತೇಲಿತು.

"ಅಯ್ಯೋ, ಬೋಂಡಂಗೆ ಏನಾಯ್ತೇ?" ಎಂದು ಯಶೋದಮ್ಮ ಕೂಗಿಕೊಂಡರು.

ಆ ಕೂಗಿಗೆ ನಂದಿತಾ ಲ್ಯಾಪ್‌ಟಾಪ್ ಬಿಟ್ಟು ಓಡಿ ಬಂದಳು. ತಳದ ಚಪಾತಿ ಗಸಿ ಕಣ್ಣಿಗೆ ಬಿತ್ತು. "ಅತ್ತೆ, ಎಷ್ಟ್ ಸಲ ಹೇಳಿದೀನಿ ಸಿಕ್ಕಿದ್ದೆಲ್ಲ ಹಾಕ್ಬೇಡಿ ಅಂತ! ನೀವೇ ಕೈಯಾರೆ ಸಾಯಿಸ್ಬಿಟ್ರಲ್ಲ!"

ಯಶೋದಮ್ಮ ತಮ್ಮ ಬಲಗೈಯನ್ನೇ ನೋಡುತ್ತ ಕುರ್ಚಿಯಲ್ಲಿ ಕುಸಿದರು.

ವಾಜಿದಾ ನಲ್ಲಿಯ ನೀರನ್ನು ಕೊಳವೆಗೆ ಹಿಡಿದು ಮೂರು ಹನಿ ಬಿಟ್ಟಳು. ಕಡುನೀಲಿ. ಕಾವೇರಿ ನಲ್ಲಿಯಲ್ಲಿ ಬೋರ್‌ವೆಲ್ ನೀರು! ಕೊಳೆತ ಆಹಾರ, ಮೀನಿನ ಹೊಲಸು ಎಲ್ಲ ನೀರಿನಲ್ಲಿ ಅಮೋನಿಯಾ ಆಗುತ್ತದೆ. ನೀರು ಹುಳಿಯಾಗಿರುವ ತನಕ ಅದು ಹಲ್ಲು ಕಿತ್ತ ಹಾವು. ಕ್ಷಾರದ ನೀರು ಬೆರೆಯಿತೋ, ವಿಷ ಏರುತ್ತದೆ. ಯಶೋದಮ್ಮ ಹಾಕಿದ್ದು ಚಪಾತಿ, ಅದನ್ನು ವಿಷ ಮಾಡಿದ್ದು ತಾನು. ಸೊಸೆ ಅಂದದ್ದು ಪೂರ್ತಿ ಸುಳ್ಳಲ್ಲವಲ್ಲ ಎಂದು ಒಳಗೊಂದು ದನಿ ಪಿಸುಗುಟ್ಟಿತು. ಅವಳು ಕೊಳವೆಯನ್ನು ಸಿಂಕಿಗೆ ಬಗ್ಗಿಸಿದಳು. ಯಾರೂ ನೋಡಲಿಲ್ಲ.

"ಅಮ್ಮ, ತೆಗ್ದಿದ್ ನೀರು ಎಲ್ಲಿ?"

"ಗಿಡಕ್ಕೆ ಹಾಕ್ತಿದ್ದೆ..."

ವಾಜಿದಾ ಬಾಲ್ಕನಿಗೆ ಹಾರಿದಳು. ಮೂರು ಬಕೆಟ್ ಖಾಲಿ, ಮೂರು ಉಳಿದಿದ್ದವು. ಆ ಕೊಳಕು ನೀರನ್ನೇ ತನ್ನ ಟಬ್ಬಿಗೆ ಸುರಿದು, ಗಾಳಿಯ ಪಂಪನ್ನು ಅದರೊಳಗೆ ಬಿಟ್ಟು, ಬೋಂಡನನ್ನು ಎರಡೂ ಕೈಯಲ್ಲಿ ಎತ್ತಿ ತಂದು ಇಳಿಸಿದಳು. ಉಳುಕಿದ ಕೈ ಚುರ್ರೆಂದಿತು.

"ಮತ್ತೆ ಆ ಗಲೀಜಲ್ಲೇ ಹಾಕ್ತಿದೀರಲ್ರೀ?" ಎಂದಳು ನಂದಿತಾ.

"ಇವಾಗ ಅದಕ್ಕೆ ಇದೇ ಬೇಕು ಮೇಡಂ. ಆಮೇಲೆ ಒಂದೊಂದೇ ಚೊಂಬು ಒಳ್ಳೆ ನೀರು ಸೇರಿಸ್ಬೇಕು. ಆತುರ ಮಾಡಿದ್ರೆ ಕೈ ಬಿಟ್ಟು ಹೋಗುತ್ತೆ."

ನಂದಿತಾ ಕೆಳಗೆ ವಾಚ್‌ಮನ್ ಚಿನ್ನಪ್ಪನಿಗೆ ಫೋನ್ ಮಾಡಿ ಕಾವೇರಿ ನೀರು ಕೇಳಿದಳು. ಫೋನ್ ಸ್ಪೀಕರಿನಲ್ಲಿತ್ತು. "ಕಾವೇರಿ ಮೂರ್ ದಿನದಿಂದ ಬಂದಿಲ್ಲ ಮೇಡಂ, ಎಲ್ಲಾ ನಲ್ಲಿಗೂ ಬೋರ್ ನೀರೇ ಬಿಟ್ಟಿದೀನಿ. ಗ್ರೂಪಲ್ಲಿ ಹಾಕಿದ್ವಲ್ಲ?" ಎಂದ. ನಂದಿತಾಗೆ ಅದರಲ್ಲಿ ಏನೂ ಹೊಳೆಯಲಿಲ್ಲ. ಪಕ್ಕದ ರಸ್ತೆಯಿಂದ ತರುತ್ತೇನೆಂದು ಕ್ಯಾನ್ ಹಿಡಿದು ಹೊರಟಳು. ವಾಜಿದಾ ತಲೆ ಎತ್ತಲಿಲ್ಲ.

ಹತ್ತು ನಿಮಿಷ, ಇಪ್ಪತ್ತು ನಿಮಿಷ. ಮೀನು ಮಗ್ಗುಲಾಗಿಯೇ ಇತ್ತು. ಕಿವಿರು ಒಮ್ಮೆ ನಿಂತೇ ಹೋದಂತಾಯಿತು. ಯಶೋದಮ್ಮ ಹತ್ತಿರ ಬರಲಿಲ್ಲ. ಕುರ್ಚಿಯಲ್ಲೇ ಕೂತು, ತಮಗೆ ತಾವೇ ಎಂಬಂತೆ, "ಹಸಿವು ಅಂತ ಮೂತಿ ತೋರಿಸ್ತಿತ್ತು, ಹಾಕ್ದೆ. ನನ್ ಕೈ ಸೇದೋಗ," ಎಂದರು. ಆ ಮಾತು ವಾಜಿದಾಳ ಕಿವಿಗೆ ಕಾದ ಸೀಸ ಹೊಯ್ದಂತಾಯಿತು. ಈ ಅಪಾರ್ಟ್‌ಮೆಂಟಿನಲ್ಲೇ ಅವಳ ಕೈಯಲ್ಲಿ ಏಳು ಮನೆ ಇತ್ತು. ಬಾಯಿ ಬಿಟ್ಟರೆ ಅಷ್ಟೂ ಕೈತಪ್ಪುತ್ತವೆ.

ನಂದಿತಾ ಇನ್ನೂ ನೀರು ತಂದಿರಲಿಲ್ಲ. ಮುಕ್ಕಾಲು ಗಂಟೆಯಾದ ಮೇಲೆ ಬೋಂಡನ ಬಾಲ ಅಲ್ಲಾಡಿತು. ಮೈ ನಿಧಾನ ನೆಟ್ಟಗಾಯಿತು. ಇನ್ನೂ ಸ್ವಲ್ಪ ಹೊತ್ತಿಗೆ ಅದು ಟಬ್ಬಿನ ಅಂಚಿಗೆ ಬಂದು ಮೂತಿ ಎತ್ತಿತು.

"ಅಮ್ಮ, ಬನ್ನಿ, ನೋಡಿ, ಬದುಕ್ತು," ಎಂದಳು ವಾಜಿದಾ. ಯಶೋದಮ್ಮ ಓಡಿಬಂದು ಕೈ ಚಾಚಿದವರು, ನೀರು ಮುಟ್ಟುವ ಮುಂಚೆ ಬೆಂಕಿ ತಾಗಿದಂತೆ ಹಿಂದಕ್ಕೆಳೆದುಕೊಂಡರು. "ನಾನು ಮುಟ್ಟಲ್ಲಮ್ಮ. ಇನ್ಮೇಲೆ ನಂದಿತಾನೇ ಊಟ ಹಾಕ್ಲಿ."

ವಾಜಿದಾಳಿಗೆ ತಡೆಯಲಾಗಲಿಲ್ಲ. "ನಿಮ್ಮ ಕೈ ಅಲ್ಲ ಅಮ್ಮ, ನನ್ನ ಕೈ. ನಲ್ಲಿ ನೀರು ನೋಡ್ದೆ ಬಿಟ್ಟೆ. ಬೋರ್ ನೀರು ಅದು. ಆವಾಗ್ಲೇ ಗೊತ್ತಾಯ್ತು ನಂಗೆ."

"ಆವಾಗ್ಲೇ ಅಂದ್ರೆ?"

"ಮೇಡಂ ನಿಮ್ಮನ್ನ ಬೈದ್ರಲ್ಲ, ಆವಾಗ."

ಯಶೋದಮ್ಮ ಅವಳ ಮುಖವನ್ನು ನೋಡಿದರು. ಬೈಯುತ್ತಾರೆ ಎಂದು ವಾಜಿದಾ ಕಾದಳು, ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು.

"ಬೋಂಡ ಸತ್ತೇ ಹೋಗಿದ್ರೆ ಹೇಳ್ತಿದ್ಯಾ ವಾಜಿದಾ?"

ಹೇಳುತ್ತಿದ್ದೆ ಎನ್ನಲು ಅವಳು ಬಾಯಿ ತೆರೆದಳು.

"ಗೊತ್ತಿಲ್ಲ ಅಮ್ಮ."

ಯಶೋದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಟಬ್ಬಿನ ಪಕ್ಕ ನೆಲದ ಮೇಲೆ ಕೂತರು, ನೀರಿನೊಳಗೆ ಕೈ ಇಳಿಬಿಟ್ಟರು. ವಾಜಿದಾಳಿಗೆ ಕೂರು ಎಂದೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.