ಹುಳದ ಆಟದ ಹತ್ತನೇ ಸಾಲು

ಕೆಲವು ತಿಂಗಳ ಹಿಂದಿನ ಒಂದು ಬೆಳಗು, ಐದು ಗಂಟೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಆಗಷ್ಟೇ ಆಜಾನ್ ಮುಗಿದಿದೆ. ಮೂಲೆಯ ಚಹಾದಂಗಡಿಯವನು ಒಲೆ ಹಚ್ಚುತ್ತಿದ್ದಾನೆ. ಅರ್ಧ ಎತ್ತಿದ ಶಟರಿನ ಕೆಳಗೆ ಬಗ್ಗಿ ಒಳಹೋದರೆ, ಕೆಟ್ಟ ಟಿವಿ, ಮಿಕ್ಸಿಗಳ ನಡುವೆ ಆಳೆತ್ತರದ ಒಂದು ಮರದ ಪೆಟ್ಟಿಗೆ. ಸುಂಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೀಟರಿನಲ್ಲಿ ವೋಲ್ಟೇಜ್ ನೋಡಿ, ಪೆಟ್ಟಿಗೆಯ ಹಿಂದಿನ ಸ್ವಿಚ್ ಒತ್ತುತ್ತಾರೆ. ಕಪ್ಪು ಪರದೆಯ ಮೇಲೆ ಎಂಟೆಂಟು ಹುಳಗಳ ಐದು ಸಾಲು ಕಾಲಾಡಿಸುತ್ತ ಇಳಿಯತೊಡಗುತ್ತವೆ. ಕೆಳಗೆ ಒಂದು ಪುಟ್ಟ ಬಂಡಿ, ಅದರ ಹಿಂದೆ ಹಸಿರು ಬೆಳೆ. ಬಂಡಿಯಿಂದ ಗುಂಡು ಹಾರಿಸಿ ಹುಳ ಕೊಲ್ಲಬೇಕು, ಹುಳ ಬೆಳೆಗೆ ಬಾಯಿ ಹಾಕಬಾರದು. ನಲವತ್ತೂ ಸತ್ತರೆ ಮುಂದಿನ ಪರದೆ. ಇಷ್ಟೇ ಆಟ.

ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ನಿಧಾನಗತಿಯ ಚಿತ್ರೀಕರಣಕ್ಕೆ ಹಾಕಿ, ಸುಂಕಮ್ಮ ಆಡಲು ನಿಲ್ಲುತ್ತಾರೆ. ಮೊದಲ ಪರದೆ ಗೆಲ್ಲುತ್ತಾರೆ. ಎರಡನೆಯದನ್ನು ಏದುಸಿರು ಬಿಡುತ್ತ ದಾಟುತ್ತಾರೆ. ಮೂರನೆಯದರಲ್ಲಿ ಬಂಡಿ ಪುಡಿಪುಡಿ. “ಹಾಳಾದ್ ಹುಳ!” ಎಂದು ಪೆಟ್ಟಿಗೆಗೆ ಒಂದು ಏಟು ಕೊಟ್ಟು, ಕೂಡಲೇ ತಪ್ಪಾಯಿತೆಂಬಂತೆ ಅದನ್ನು ಸವರುತ್ತಾರೆ. ಇಪ್ಪತ್ತೆರಡನೇ ನಿಮಿಷಕ್ಕೆ ಪರದೆಯ ಚಿತ್ರ ಚಿಂದಿಯಾಗುತ್ತದೆ. ಇವತ್ತಿನ ಕೆಲಸ ಮುಗಿಯಿತು.

“ಟ್ಯೂಬ್ ಎರಡು ಸಲ ಬದಲಿ ಮಾಡೀನ್ರಿ. ಈಗ ಬೋರ್ಡಿನ ದೊಡ್ಡ ಚಿಪ್ಪ ಸಾಯಾಕ ಹತ್ತೈತಿ. ಅಂಥಾದ್ದು ಈಗ ಎಲ್ಲೂ ಸಿಗಂಗಿಲ್ಲ. ಬಿಸಿ ಆತಂದ್ರ ಮುಗೀತು. ಅದಕ್ಕ ತಂಪಿನಾಗ ಎಬ್ಬಸ್ತೀನಿ,” ಎನ್ನುತ್ತಾರೆ. ಬಳ್ಳಾರಿಯಲ್ಲಿ ತಂಪೆಂದರೆ ಈ ಒಂದು ಗಳಿಗೆ ಮಾತ್ರ; ಇಲ್ಲಿರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಎಂದು ಊರಿನವರೇ ನಗುತ್ತಾರೆ. ಏಳು ಗಂಟೆಯಾದರೆ ಸುತ್ತಲಿನ ಮನೆಗಳಲ್ಲಿ ಜೀನ್ಸ್ ಹೊಲಿಯುವ ಮಿಷನ್ನುಗಳು ಶುರುವಾಗಿ ಕರೆಂಟೂ ಕುಣಿಯತೊಡಗುತ್ತದೆ. ಹೋದ ವರ್ಷ ಪೆಟ್ಟಿಗೆ ನಲವತ್ತು ನಿಮಿಷ ನಡೆಯುತ್ತಿತ್ತು. ಅದು ಪೂರ್ತಿ ನಿಲ್ಲುವ ಮೊದಲು ಈ ಆಟವನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಮನೆಯ ಟಿವಿಗೆ ಇಳಿಸಬೇಕು. ನಲವತ್ತೇಳರ ಸುಂಕಮ್ಮ ಹಿಡಿದ ಹಟ ಅದು.

ಕುರುಗೋಡಿನಲ್ಲಿ ಹುಟ್ಟಿದ ಸುಂಕಮ್ಮ ಹನ್ನೆರಡು ವರ್ಷದವರಿದ್ದಾಗ ಮನೆಯವರು ಕೂಲಿಗೆಂದು ಬಳ್ಳಾರಿಗೆ ಬಂದರು. ಇದೇ ಬಜಾರಿನಲ್ಲಿ ವೆಂಕಣ್ಣ ಎಂಬವರು ವಿಡಿಯೊ ಗೇಮ್ ಅಂಗಡಿ ಇಟ್ಟಿದ್ದರು. ಎಂಟಾಣೆ ಹಾಕಿದರೆ ಒಂದು ಆಟ. ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಆ ಅಂಗಡಿಯ ಕಸ ಗುಡಿಸುವುದು ಸುಂಕಮ್ಮನ ಪಾಲಿನ ಕೆಲಸ. ಆಗ ಯಾರೂ ಆಡುತ್ತಿರಲಿಲ್ಲ. ಆದರೆ ಗಿರಾಕಿಯನ್ನು ಕರೆಯಲೆಂದು ಪೆಟ್ಟಿಗೆ ತನ್ನಷ್ಟಕ್ಕೆ ತಾನೇ ಆಡಿ ತೋರಿಸುತ್ತಿತ್ತು. ಹುಡುಗಿ ಪೊರಕೆ ಹಿಡಿದು ಅದನ್ನೇ ನೋಡುತ್ತ ನಿಲ್ಲುತ್ತಿದ್ದಳು.

“ಮುಟ್ಟಾಕ ಬಿಡ್ತಿರಲಿಲ್ರಿ. ‘ಲೇ ಸುಂಕಿ, ಹೆಣ್ಣುಡುಗೇರ ಆಟ ಅಲ್ಲಿದು, ಕಸ ಹೊಡಿ’ ಅಂತಿದ್ರು ವೆಂಕಣ್ಣಾರು. ನಾ ನೋಡಿ ನೋಡಿ ಕಲ್ತೆ. ಯಾವ ಹುಳ ಯಾವಾಗ ಎಡಕ್ಕ ತಿರಗ್ತೈತಿ, ಈಗ್ಲೂ ಕಣ್ಣು ಮುಚ್ಚಿ ಹೇಳ್ತೀನಿ. ಆಡಾಕ ಮಾತ್ರ ಕೈ ಬರಂಗಿಲ್ಲ,” ಎಂದು ನಗುತ್ತಾರೆ.

ಗುಡಿಸುವುದರ ಜೊತೆಗೆ ಪೆಟ್ಟಿಗೆಯನ್ನು ಒರೆಸುವುದೂ ಇತ್ತು. ಅದರ ಬಲಮಗ್ಗುಲಿಗೆ ವೆಂಕಣ್ಣ ಬಿಳಿ ಬಣ್ಣದಲ್ಲಿ ಹತ್ತು ಗೆರೆ ಎಳೆದಿದ್ದರು. ಹತ್ತು ಸಾವಿರ ಪಾಯಿಂಟು ಮುಟ್ಟಿದವರ ಹೆಸರು ಮಾತ್ರ ಅಲ್ಲಿ ಏರಬೇಕು ಎಂಬುದು ಅವರ ನೇಮ. ತಮ್ಮ ಸ್ವಂತ ಅಳಿಯ ಒಂಬತ್ತು ಸಾವಿರದ ಒಂಬೈನೂರಾ ಇಪ್ಪತ್ತಕ್ಕೆ ನಿಂತಾಗಲೂ ಬರೆಯಲಿಲ್ಲವಂತೆ. ಅಂಗಡಿ ಮುಚ್ಚುವ ಹೊತ್ತಿಗೆ ಒಂಬತ್ತು ಹೆಸರಾಗಿದ್ದವು. ಹತ್ತನೇ ಸಾಲು ಖಾಲಿ ಉಳಿಯಿತು. ಆರು ವರ್ಷದ ಹಿಂದೆ ಗೋದಾಮಿನಲ್ಲಿ ಧೂಳು ತಿನ್ನುತ್ತಿದ್ದ ಪೆಟ್ಟಿಗೆಯನ್ನು ವೆಂಕಣ್ಣ ಗುಜರಿಗೆ ಹಾಕಲು ಹೊರಟಾಗ, ಸುಂಕಮ್ಮ ಕೈಗಾಡಿ ತಂದು ಹೇರಿಕೊಂಡು ಹೋದರು.

ಅಷ್ಟರಲ್ಲಿ ಅವರು ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಮುಗಿಸಿ, ಸಿರುಗುಪ್ಪದ ಟಿವಿ ರಿಪೇರಿ ಅಂಗಡಿಯಲ್ಲಿ ಒಂಬತ್ತು ವರ್ಷ ದುಡಿದು, ಬಳ್ಳಾರಿಯಲ್ಲಿ ಸ್ವಂತ ಅಂಗಡಿ ತೆರೆದಾಗಿತ್ತು. ದಿನಕ್ಕೆ ಆರೇಳು ಟಿವಿ, ಮಿಕ್ಸಿ ರಿಪೇರಿ. ಅದರ ನಡುವೆ ಬಾಗಿಲು ಮುಚ್ಚಿದ ಒಂದು ಕಂಪ್ಯೂಟರ್ ಕ್ಲಾಸಿನಿಂದ ಹಳೆಯ ಯಂತ್ರವೊಂದು ಸಿಕ್ಕಿತು. ಕೀಬೋರ್ಡೇ ಕಂಪ್ಯೂಟರ್ ಆಗಿದ್ದ ಕಾಲದ್ದು; ಟಿವಿಗೆ ಜೋಡಿಸಿ, ಟೇಪ್ ರೆಕಾರ್ಡರಿನಿಂದ ಆಟ ತುಂಬಿಕೊಳ್ಳಬೇಕು. ಜೊತೆಗೆ ಬಂದ ಪುಸ್ತಕವನ್ನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿ, ಎರಡು ವರ್ಷ ಹೆಣಗಿ, ಸುಂಕಮ್ಮ ಹುಳದ ಆಟವನ್ನು ಮೊದಲು ಅದಕ್ಕೆ ಇಳಿಸಿದರು.

ಮೊದಲ ತೊಡಕು ಪರದೆಯದು. ಪೆಟ್ಟಿಗೆಯ ಪರದೆ ಉದ್ದಕ್ಕೆ ನಿಂತಿದೆ, ಮನೆಯ ಟಿವಿ ಅಡ್ಡಕ್ಕೆ ಮಲಗಿದೆ. ಇದ್ದಂತೆಯೇ ಇಳಿಸಿದರೆ ಹುಳ ನಾಲ್ಕು ಹೆಜ್ಜೆ ಹಾಕುವುದರೊಳಗೆ ಬೆಳೆ ಮುಟ್ಟಿಬಿಡುತ್ತದೆ. ಸುಂಕಮ್ಮ ಹುಳಗಳನ್ನು ಗಿಡ್ಡ ಮಾಡಿದರು, ಪಾಯಿಂಟಿನ ಲೆಕ್ಕವನ್ನು ಮೇಲಿನಿಂದ ಎತ್ತಿ ಪಕ್ಕಕ್ಕೆ ಕೂರಿಸಿದರು. ಹಿಗ್ಗಿನಿಂದ ಕುರುಗೋಡಿಗೆ ಹೋಗಿ ಅಕ್ಕ ಯಶೋಧರಾ ಅವರ ಮನೆಯ ಟಿವಿಗೆ ಜೋಡಿಸಿದರೆ ಮೇಲಿನ ಸಾಲಿನ ಹುಳಗಳಿಗೆ ತಲೆಯೇ ಇಲ್ಲ! ಒಂದೊಂದು ಟಿವಿ ಚಿತ್ರದ ಅಂಚನ್ನು ಒಂದೊಂದಷ್ಟು ನುಂಗುತ್ತದೆ ಎಂಬುದು ಟಿವಿ ಮೆಕ್ಯಾನಿಕ್ಕಿಗೇ ಮರೆತುಹೋಗಿತ್ತು. “ಲೇ ಸುಂಕಿ, ತಲಿ ಇಲ್ಲದ ಹುಳ ಕೊಂದ್ರ ಅರ್ಧ ಪಾಯಿಂಟ್ ಕೊಡ್ತೀಯೇನು?” ಎಂದಿದ್ದರಂತೆ ಅಕ್ಕ. ಆ ಮಾತು ಇವತ್ತಿಗೂ ಮನೆಯಲ್ಲಿ ಓಡಾಡುತ್ತದೆ.

ಆಮೇಲಿನದು ಕ್ಯಾಸೆಟ್ ಸಿಕ್ಕಿಸಿ ಟಿವಿಯಲ್ಲಿ ಆಡುವ ಗೇಮು. ಒಂದು ಕಾಲದಲ್ಲಿ ಮನೆಮನೆಯಲ್ಲಿದ್ದು ಈಗ ಅಟ್ಟ ಸೇರಿರುವುದು. ಸತ್ತ ಕ್ಯಾಸೆಟ್ಟುಗಳ ಹೊಟ್ಟೆ ಬಗೆದು, ಹೊಸ ಮೆಮೊರಿ ಚಿಪ್ ಕೂರಿಸಿ, ಅದರೊಳಗೆ ತಮ್ಮ ಆಟ ತುಂಬುತ್ತಾರೆ. ಇಡೀ ಆಟಕ್ಕೆ ಸಿಗುವ ಜಾಗ ಮೂವತ್ತೆರಡು ಕಿಲೊಬೈಟು, ಅಂದರೆ ಮೊಬೈಲಿನ ಒಂದು ಫೋಟೊದ ನೂರನೇ ಪಾಲು. ಅದರಲ್ಲೇ ಹುಳ, ಬಂಡಿ, ಬೆಳೆ, ಸದ್ದು, ಎಲ್ಲ. ಇದು ಹೊಳಪಾಗಿ ಬಂತು. ಹಳೇ ಪೆಟ್ಟಿಗೆಯಲ್ಲಿ ಆಟ ಆಗಾಗ ತಡವರಿಸುತ್ತದೆ. ಇಲ್ಲಿ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯುತ್ತದೆ. ಸುಂಕಮ್ಮನಿಗೆ ತಮ್ಮ ಕೈಯ ಮೇಲೆ ತಮಗೇ ಅಭಿಮಾನ ಉಕ್ಕಿತು.

ಪರೀಕ್ಷೆಗೆ ಒಬ್ಬರೇ ಯೋಗ್ಯರು: ಸಿರುಗುಪ್ಪದ ವಿರೂಪಾಕ್ಷಿ. ಪೆಟ್ಟಿಗೆಯ ಮಗ್ಗುಲಿನಲ್ಲಿ ಮೊದಲ ಸಾಲಿನ ಹೆಸರು ಅವರದೇ. ಹರೆಯದಲ್ಲಿ ಅಕ್ಕಿ ಲಾರಿಯ ಜೊತೆ ಬಳ್ಳಾರಿಗೆ ಬಂದಾಗೆಲ್ಲ ಲೋಡು ಇಳಿಯುವವರೆಗೆ ವೆಂಕಣ್ಣನ ಅಂಗಡಿಯಲ್ಲೇ ಠಿಕಾಣಿ. ಈಗ ಐವತ್ತೈದು ದಾಟಿದ ಅವರು ರೈಸ್ ಮಿಲ್ಲೊಂದರಲ್ಲಿ ಹಮಾಲರ ಮೇಸ್ತ್ರಿ. ಈ ವರ್ಷದ ಜನವರಿಯಲ್ಲಿ ಸುಂಕಮ್ಮ ಕ್ಯಾಸೆಟ್ ಕಟ್ಟಿಕೊಂಡು ಅವರ ಮನೆಗೆ ಹೋದರು. ವಿರೂಪಾಕ್ಷಿ ಎರಡನೇ ಪರದೆಗೇ ಸತ್ತರು. ಮತ್ತೆ ಆಡಿದರು, ಮತ್ತೆ ಅಲ್ಲೇ. ಬಂಡಿ ಸರಿಸುವ ಜಾಯ್‌ಸ್ಟಿಕ್ ಕಡ್ಡಿ ಕೆಳಗಿಟ್ಟು ಹೇಳಿದರು: “ಇದು ಆ ಆಟ ಅಲ್ಲವ್ವ ತಂಗಿ. ಬಣ್ಣ ಬರಾಬರ್ ಐತಿ, ಹುಳಾನೂ ಅವ ಅದಾವು. ಆದ್ರ ಇದು ಒಂದ ಸಮನ ಓಡ್ತೈತಿ. ನಮ್ಮದು ನಡುನಡುಕ ಉಸಿರು ತಗಂತಿತ್ತು. ಆ ಉಸಿರಿನಾಗ ನಾ ಬಂಡಿ ಸರಸ್ತಿದ್ದೆ.”

“ಭಾಳ ಕೆಟ್ಟ ಅನಿಸ್ತು ನೋಡ್ರಿ. ಬಸ್ಸಿನಾಗ ಕುಂತು ಅತ್ತಬಿಟ್ಟೆ,” ಎಂದು ಸುಂಕಮ್ಮ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. “ಕುಣಿಲಾರದಾಕಿ ನೆಲ ಡೊಂಕು ಅಂದಳಂತ, ಇವ್ರೂ ಹಂಗ, ಕೈಗೆ ವಯಸ್ಸಾತು, ಆಟದ ಮ್ಯಾಲೆ ಹಾಕ್ತಾರ ಅನಕಂಡೆ. ಮನಿಗೆ ಬಂದು ಮೊಬೈಲಿನಾಗ ಹಿಡಿದಿದ್ದ ಚಿತ್ರ ಒಂದೊಂದ ನೋಡಿದೆ. ಅವರ ಮಾತು ಖರೇನ ಇತ್ತು.”

ಪರದೆಯ ಮೇಲೆ ಹುಳ, ಗುಂಡು ಎರಡೂ ಹೆಚ್ಚಾದಾಗ ಹಳೇ ಚಿಪ್‌ಗೆ ಅಷ್ಟನ್ನೂ ಒಮ್ಮೆಗೇ ಬರೆಯಲಾಗದು. ಕಣ್ಣಿಗೆ ಕಂಡೂ ಕಾಣದಷ್ಟು ಹೊತ್ತು ನಿಲ್ಲುತ್ತದೆ. ವಯಸ್ಸಾದ ಯಂತ್ರದ ದಮ್ಮು ಎಂದು ತಿಳಿದು ಸುಂಕಮ್ಮ ಅದನ್ನು ತಮ್ಮ ಆಟದಿಂದ ತೆಗೆದುಹಾಕಿದ್ದರು. ರಿಪೇರಿಯವರ ಕೈ ಅಲ್ಲವೇ, ಕೆಟ್ಟದ್ದು ಕಂಡರೆ ಸುಮ್ಮನಿರುವುದಿಲ್ಲ. ಆದರೆ ಅದು ಮುಪ್ಪಿನ ದಮ್ಮಲ್ಲ, ಹುಟ್ಟಿನಿಂದಲೇ ಇದ್ದದ್ದು. ಒಂಬತ್ತು ಜನ ಹತ್ತು ಸಾವಿರ ಮುಟ್ಟಿದ್ದು ಆ ನಿಲುಗಡೆಯನ್ನು ಕೈಯಲ್ಲಿ ಹಿಡಿದೇ.

ಈಗ ತಿರುಗಾಮುರುಗಾ ಕೆಲಸ. ಚುರುಕಾದ ಯಂತ್ರಕ್ಕೆ ಬೇಕೆಂದೇ ಎಡವಲು ಕಲಿಸಬೇಕು, ಅದೂ ಸರಿಯಾದ ಜಾಗದಲ್ಲಿ, ಸರಿಯಾದಷ್ಟು. ಎಲ್ಲಿ, ಎಷ್ಟು ಎಂದು ಅಳೆಯಲು ಪೆಟ್ಟಿಗೆಯ ಮೇಲೆ ಮೇಲಿನ ಪರದೆಗಳವರೆಗೆ ಆಡಬೇಕು. ಸುಂಕಮ್ಮನದು ಮೂರಕ್ಕೇ ಮುಕ್ತಾಯ. ವಿಷಯ ಕೇಳಿದ ವಿರೂಪಾಕ್ಷಿ ಫೆಬ್ರುವರಿ, ಮಾರ್ಚಿನ ಶನಿವಾರಗಳಂದು ಬಳ್ಳಾರಿಗೆ ಬಂದು ನೆಂಟರ ಮನೆಯಲ್ಲಿ ಉಳಿದು, ಭಾನುವಾರ ಐದಕ್ಕೆ ಅಂಗಡಿಯೆದುರು ಹಾಜರಾಗತೊಡಗಿದರು. ಅವರು ಆಡುವುದು, ಇವರು ಚಿತ್ರ ಹಿಡಿಯುವುದು. ನಾಲ್ಕನೇ ಪರದೆ ಆಯಿತು, ಐದಾಯಿತು, ಆರೂ ಆಯಿತು. ಪೆಟ್ಟಿಗೆಯ ಆಯಸ್ಸು ಮಾತ್ರ ಇಪ್ಪತ್ತೆರಡರಿಂದ ಹದಿನೈದಕ್ಕೆ, ಹದಿನೈದರಿಂದ ಹನ್ನೊಂದು ನಿಮಿಷಕ್ಕೆ ಇಳಿಯಿತು.

ಏಪ್ರಿಲ್ ಮೊದಲ ಭಾನುವಾರ. ವಿರೂಪಾಕ್ಷಿ ಏಳನೇ ಪರದೆಯ ಬಾಗಿಲಲ್ಲಿದ್ದಾರೆ. ಹುಳಗಳು ಎರಡು ದಂಡಾಗಿ ಎಡಬಲದಿಂದ ನುಗ್ಗುವ ಪರದೆ ಅದು. ಅಲ್ಲಿ ದಾಟಿದವನೇ ಹತ್ತು ಸಾವಿರದ ಸರದಾರ. ಮೊದಲ ಹುಳ ಕಾಣಿಸಿಕೊಂಡಿತು, ಅಷ್ಟೇ. ಚಿತ್ರ ಚಿಂದಿಯಾಯಿತು, ಬಿಳಿಯಾಯಿತು, ಕಪ್ಪಾಯಿತು. ಮರುದಿನ, ಅದರ ಮರುದಿನ ಸ್ವಿಚ್ ಒತ್ತಿದರೂ ಪೆಟ್ಟಿಗೆ ಎಚ್ಚರಗೊಳ್ಳಲಿಲ್ಲ. ಏಳನೇ ಪರದೆ ಅದರ ಜೊತೆಗೇ ಹೋಯಿತು ಎಂದುಕೊಂಡ ಸುಂಕಮ್ಮ ಆ ದಿನ ಅಂಗಡಿ ತೆರೆಯಲಿಲ್ಲ.

ಮೂರನೇ ದಿನ ಅವರೇ ಸಿರುಗುಪ್ಪದ ಬಸ್ಸು ಹತ್ತಿದರು. ಮಿಲ್ಲಿನಲ್ಲಿ ಊಟದ ಹೊತ್ತು. “ವಿರೂಪಾಕ್ಷಣ್ಣ, ಪೆಟಗಿ ಹೋತು. ನಿನ್ನ ಕೈಯಾಗ ಏನಾರ ಉಳದೈತೇನು?” ಎಂದು ಕೇಳಿದರು. ವಿರೂಪಾಕ್ಷಿ ಮೂಟೆ ಎಳೆಯುವ ಕಬ್ಬಿಣದ ಕೊಕ್ಕೆಯನ್ನು ಒಂದು ಅಕ್ಕಿ ಚೀಲಕ್ಕೆ ಚುಚ್ಚಿ, ಅದರ ಹಿಡಿಯನ್ನು ಆಟದ ಕಡ್ಡಿಯಂತೆ ಎಡಗೈಯಲ್ಲಿ ಹಿಡಿದರು. ಬಲಗೈ ಹೆಬ್ಬೆರಳನ್ನು ಚೀಲದ ಮೇಲಿಟ್ಟು ಕಣ್ಣು ಮುಚ್ಚಿದರು. ಆಮೇಲೆ ಆಡಿದರು. ಪರದೆಯಿಲ್ಲ, ಸದ್ದಿಲ್ಲ. ಹೆಬ್ಬೆರಳು ಟಕಟಕ ಬಡಿಯುತ್ತದೆ, ಹಿಡಿ ಎಡಕ್ಕೆ ಬಲಕ್ಕೆ ವಾಲುತ್ತದೆ, ಒಂದು ಜಾಗದಲ್ಲಿ ಎರಡೂ ಕೈ ತಟಕ್ಕನೆ ನಿಂತು ಮತ್ತೆ ಹೊರಡುತ್ತವೆ. “ಮೇಸ್ತ್ರಿಗೆ ಗಾಳಿ ಹೊಕ್ಕೈತ್ರಲೇ!” ಎಂದು ಹಮಾಲರು ನಕ್ಕರು. ಸುಂಕಮ್ಮ ನಗಲಿಲ್ಲ, ಮೊಬೈಲು ಹಿಡಿದಿದ್ದರು. ಹನ್ನೊಂದು ಸಲ ಆಡಿಸಿದರು. ಹನ್ನೊಂದು ಸಲವೂ ಕೈ ನಿಂತದ್ದು ಅದೇ ಜಾಗದಲ್ಲಿ, ಅಷ್ಟೇ ಹೊತ್ತು.

ಮೂವತ್ತು ವರ್ಷ ಮೂಟೆ ಎಳೆದ ಕೈಗಳಲ್ಲಿ ಒಂದು ಪರದೆ ಹಾಗೆ ಉಳಿದಿತ್ತು. ಅದನ್ನು ಲೆಕ್ಕಕ್ಕೆ ಇಳಿಸಲು ಸುಂಕಮ್ಮನಿಗೆ ಐದು ವಾರ ಹಿಡಿಯಿತು. ಎರಡು ದಂಡು ಒಂದನ್ನೊಂದು ಹಾಯುವ ಗಳಿಗೆಯಲ್ಲಿ ಆ ನಿಲುಗಡೆ ಬರಬೇಕಿತ್ತು. ಮೇ ತಿಂಗಳ ಒಂದು ಮಧ್ಯಾಹ್ನ ಅದೇ ಮನೆ, ಅದೇ ಟಿವಿ, ಹೊಸ ಕ್ಯಾಸೆಟ್ಟು. ವಿರೂಪಾಕ್ಷಿ ಒಂದು, ಎರಡು, ಮೂರು ಎಂದು ಪರದೆ ದಾಟುತ್ತ ಹೋದರು. ಏಳನೆಯದು ಬಂತು. ಎಡದಿಂದ ಇಪ್ಪತ್ತು, ಬಲದಿಂದ ಇಪ್ಪತ್ತು. ನಡುವೆ ಕೂಡಿದವು. ಆಟ ರವಷ್ಟು ತಡೆಯಿತು, ಬಂಡಿ ಸರಿದು ಪಾರಾಯಿತು.

“ಹಾಂ! ಬಂತು ನೋಡವ್ವ. ಉಸಿರು ತಗಂತು,” ಎಂದರು ವಿರೂಪಾಕ್ಷಿ, ಕಣ್ಣು ಪರದೆಯಿಂದ ತೆಗೆಯದೆ. ಸುಂಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಅವತ್ತಿನಷ್ಟು ಸಂತೋಷ ಜೀವನದಲ್ಲಿ ಎರಡೋ ಮೂರೋ ಸಲ ಆಗಿದೆಯಂತೆ.

ಈವರೆಗೆ ನೂರಾ ಎಂಬತ್ತಾರು ಕ್ಯಾಸೆಟ್ಟು ತುಂಬಿಕೊಟ್ಟಿದ್ದಾರೆ. ಸಿರುಗುಪ್ಪ, ಕುರುಗೋಡು, ಮೋಕದ ಮನೆಗಳಲ್ಲಿ ಅಟ್ಟದಿಂದ ಗೇಮು ಇಳಿಯುತ್ತಿವೆ. ಆಟ ಶುರುವಾಗುವ ಮುನ್ನ ಪರದೆಯ ಮೇಲೆ ಒಂದು ಪಟ್ಟಿ ಬರುತ್ತದೆ: ವೆಂಕಣ್ಣ ಬರೆದ ಅದೇ ಒಂಬತ್ತು ಹೆಸರು, ಅದೇ ಕ್ರಮದಲ್ಲಿ. ಹತ್ತನೇ ಸಾಲು ಖಾಲಿ.

ಎಪ್ಪತ್ತೆಂಟರ ವೆಂಕಣ್ಣ ಕೋಲೂರಿಕೊಂಡು ಅಂಗಡಿಗೆ ಬಂದು ಆ ಪಟ್ಟಿಯನ್ನು ಬೆರಳಿಟ್ಟು ಓದುತ್ತಾರೆ. ಒಂಬತ್ತು ಮುಗಿಸಿ, “ಹತ್ತನೇದಕ ನಿನ್ನ ಹೆಸರು ಬರಕಳಮ್ಮ ಸುಂಕಮ್ಮಾ. ಅವತ್ತು ಮುಟ್ಟಾಕ ಬಿಡಲಿಲ್ಲ ನಾನು, ತಪ್ಪಾತು. ಇವತ್ತು ನಾನ ಹೇಳಾಕತ್ತೀನಿ, ಬರಿ,” ಎನ್ನುತ್ತಾರೆ.

ಸುಂಕಮ್ಮ ಅವರಿಗೆ ಸ್ಟೂಲು ಎಳೆದು ಕೊಡುತ್ತಾರೆ, ಚಹಾ ತರಿಸುತ್ತಾರೆ. “ಆಟ ಬರದಾಕಿನ ನಾನು. ಒಂದು ಹೆಸರು ಸೇರಸೂದು ಎರಡು ನಿಮಿಷದ ಕೆಲಸ ಐತ್ರಿ ವೆಂಕಣ್ಣಾರ. ಆದ್ರ ಹತ್ತು ಸಾವಿರದ ನೇಮ ನಿಮ್ದ. ನಿಮ್ಮ ಅಳಿಯಗ ಇಲ್ಲದ ರಿಯಾಯಿತಿ ನನಗ್ಯಾಕ?”

ಬೆಳಗಿನ ಐದರ ಅಭ್ಯಾಸ ಈಗಲೂ ತಪ್ಪಿಲ್ಲ. ಸತ್ತ ಪೆಟ್ಟಿಗೆಯ ಪಕ್ಕದಲ್ಲೇ ಟಿವಿ ಇಟ್ಟುಕೊಂಡು, ತಾವೇ ಇಳಿಸಿದ ಆಟವನ್ನು ಸುಂಕಮ್ಮ ದಿನಕ್ಕೆ ನಲವತ್ತು ನಿಮಿಷ ಆಡುತ್ತಾರೆ. ಮೂರನೇ ಪರದೆಯ ಗಂಡಾಂತರ ಕಳೆದು, ಈಗ ಏಳನೆಯದರವರೆಗೆ ಬಂದಿದ್ದಾರೆ. ಹುಳವೊಂದಕ್ಕೆ ನಲವತ್ತು ಪಾಯಿಂಟು. ಹೋದ ಗುರುವಾರ ಒಂಬತ್ತು ಸಾವಿರದ ಆರುನೂರಾ ನಲವತ್ತು ಆಗಿತ್ತು.

“ಇನ್ನ ಒಂಬತ್ತು ಹುಳ ಅಷ್ಟ ನೋಡ್ರಿ,” ಎನ್ನುತ್ತ ಕಡ್ಡಿಗೆ ಕೈ ಹಾಕುತ್ತಾರೆ.